ಗೋಲ್ಡ್ ಫಿಶ್ ಮೈಮೇಲೆ ಚುಕ್ಕೆ, ಹುಣ್ಣು, ಬೂಷ್ಟು: ಮೊದಲು ಟಾರ್ಚ್, ಆಮೇಲೆ ಔಷಧಿ

ನಮ್ಮನೆಗೆ ಬಂದ ಮೊದಲ ಒರಾಂಡಾ (ತಲೆಯ ಮೇಲೆ ಗುಪ್ಪೆ ಬೆಳೆಯುವ ಗೋಲ್ಡ್ ಫಿಶ್ ತಳಿ) ಒಂದು ಗಂಡು. ಫೆಬ್ರವರಿಯ ಒಂದು ಬೆಳಿಗ್ಗೆ ಆಹಾರ ಹಾಕಲು ಹೋದರೆ ಅದರ ಕಿವಿರಿನ ಮುಚ್ಚಳದ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು. ಗಾಬರಿಯಾಗಿ ಫೋಟೋ ತೆಗೆದುಕೊಂಡು ಅಂಗಡಿಗೆ ಹೋದೆ. ಅಂಗಡಿಯವರು ಫೋಟೋ ಕಡೆ ಒಂದು ಕ್ಷಣ ನೋಡಿ, "ವೈಟ್ ಸ್ಪಾಟ್ ಸಾರ್, ಇದನ್ನ ಹಾಕಿ" ಎಂದು ನೀಲಿ ಔಷಧಿಯ ಬಾಟಲಿ ಕೊಟ್ಟರು. 3 ದಿನ ಹಾಕಿದೆ. ಚುಕ್ಕೆ ಹೋಗಲಿಲ್ಲ. ನೀರು ನೀಲಿಯಾಯಿತು, ಗಾಜಿನ ಮೂಲೆಯ ಸಿಲಿಕೋನ್ ಅಂಟು ನೀಲಿಯಾಯಿತು, ಫಿಲ್ಟರ್‌ನಲ್ಲಿದ್ದ ಒಳ್ಳೆಯ ಬ್ಯಾಕ್ಟೀರಿಯಾ (ಮೀನಿನ ಗಲೀಜಿನಿಂದ ಬರುವ ಅಮೋನಿಯಾ ವಿಷವನ್ನು ತಿನ್ನುವಂಥವು) ಸತ್ತವು. 5ನೇ ದಿನ ಅಮೋನಿಯಾ ಏರಿ ಮೀನಿನ ಬಾಲದ ತುಂಬ ಕೆಂಪು ಗೆರೆ ಮೂಡಿತು.

ಆ ಚುಕ್ಕೆಗಳು ರೋಗವೇ ಆಗಿರಲಿಲ್ಲ. ಮರಿ ಮಾಡುವ ಕಾಲಕ್ಕೆ ಗಂಡು ಗೋಲ್ಡ್ ಫಿಶ್‌ಗೆ ಬರುವ ಗುರುತು ಅದು. ಚೆನ್ನಾಗಿದ್ದ ಮೀನಿಗೆ ನಾನೇ ಕಾಯಿಲೆ ತಂದಿದ್ದೆ.

ಅದಕ್ಕೇ ಇಲ್ಲಿ ಔಷಧಿಗಿಂತ ನೋಡುವುದರ ಬಗ್ಗೆ ಜಾಸ್ತಿ ಬರೆದಿದ್ದೇನೆ. ಗೋಲ್ಡ್ ಫಿಶ್ ಚರ್ಮದ ತೊಂದರೆಗಳಲ್ಲಿ ದೊಡ್ಡ ಪಾಲು ನೀರಿನಿಂದ ಶುರುವಾಗುತ್ತದೆ. ನೀರು ಸರಿ ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಉಳಿದರ್ಧಕ್ಕೆ ಯಾವ ತೊಂದರೆ ಎಂದು ಸರಿಯಾಗಿ ಗುರುತಿಸಬೇಕು.

ಮನೆಯಲ್ಲಿ ಇರಬೇಕಾದ ಸಾಮಾನು

ಮೀನು ಮಲಗಿದ ಮೇಲೆ ಅಂಗಡಿಗೆ ಓಡುವುದಕ್ಕಿಂತ ಇವನ್ನು ಮೊದಲೇ ತಂದಿಟ್ಟುಕೊಳ್ಳಿ. 30–40 ಲೀಟರ್ ಹಿಡಿಯುವ ಒಂದು ಪ್ಲಾಸ್ಟಿಕ್ ಟಬ್, ಸೋಪು ಕಾಣದ್ದು. ಒಂದು ಏರ್ ಪಂಪ್, ಸ್ಪಾಂಜ್ ಫಿಲ್ಟರ್. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್; ಅದರಲ್ಲಿ ಅಮೋನಿಯಾ, ನೈಟ್ರೈಟ್, ನೈಟ್ರೇಟ್ (ಮೂರೂ ಮೀನಿನ ಗಲೀಜಿನಿಂದ ನೀರಿಗೆ ಸೇರುವಂಥವು), ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ) ನಾಲ್ಕೂ ಇರಲಿ. ಥರ್ಮಾಮೀಟರ್. ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರ. ಕಲ್ಲುಪ್ಪು. ಕ್ಲೋರಿನ್ ತೆಗೆಯುವ ದ್ರಾವಣ (ಅಂಗಡಿಯಲ್ಲಿ 'ಆಂಟಿ ಕ್ಲೋರಿನ್' ಎಂದರೆ ಕೊಡುತ್ತಾರೆ). ಒಂದು ಒಳ್ಳೆಯ ಟಾರ್ಚ್.

ಇನ್ನೊಂದು ಮುಖ್ಯ ವಿಷಯ, ನಿಮ್ಮ ಟ್ಯಾಂಕಿನಲ್ಲಿ ಎಷ್ಟು ಲೀಟರ್ ನೀರಿದೆ ಎಂಬ ಲೆಕ್ಕ. ನಮ್ಮಲ್ಲಿ ಟ್ಯಾಂಕ್ ಅಳತೆಯನ್ನು ಅಡಿಯಲ್ಲೇ ಹೇಳುವುದು. 1 ಘನ ಅಡಿ ಎಂದರೆ ಸುಮಾರು 28 ಲೀಟರ್. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ಪೂರ್ತಿ ತುಂಬಿದರೆ 56 ಲೀಟರ್. ಆದರೆ ಯಾರೂ ಅಂಚಿನವರೆಗೆ ತುಂಬುವುದಿಲ್ಲ, ತಳದಲ್ಲಿ ಕಲ್ಲು ಬೇರೆ ಇರುತ್ತದೆ. ಸುಮಾರು 45 ಲೀಟರ್ ಎಂದು ಹಿಡಿಯಿರಿ. ಮುಂದೆ ಬರುವ ಉಪ್ಪಿನ ಲೆಕ್ಕವೆಲ್ಲ ಈ ಟ್ಯಾಂಕಿನದ್ದೇ. ಗೊತ್ತಿಲ್ಲದಿದ್ದರೆ ಮುಂದಿನ ಸಲ ನೀರು ತುಂಬುವಾಗ ಬಕೆಟ್ ಎಣಿಸಿ, ಟ್ಯಾಂಕಿನ ಹಿಂದೆ ಒಂದು ಚೀಟಿ ಅಂಟಿಸಿ.

ಗಾಜಿನ ಬೋಗುಣಿಯಲ್ಲಿ ಸಾಕುತ್ತಿದ್ದರೆ ನಿಷ್ಠುರವಾಗಿ ಹೇಳಿಬಿಡುತ್ತೇನೆ: ಅಲ್ಲಿ ಯಾವ ಚಿಕಿತ್ಸೆಯೂ ನಿಲ್ಲುವುದಿಲ್ಲ. ಗೋಲ್ಡ್ ಫಿಶ್ ಸಣ್ಣದಾಗಿ ಕಂಡರೂ ಬಹಳ ಗಲೀಜು ಮಾಡುವ ಮೀನು. ಮೊದಲು ಮನೆ ಬದಲಿಸಿ.

ಹಂತ 1: 10 ನಿಮಿಷ ಸುಮ್ನೆ ನೋಡಿ

ಕೋಣೆಯ ದೀಪ ಆರಿಸಿ, ಟ್ಯಾಂಕಿನ ಪಕ್ಕದಿಂದ ಟಾರ್ಚ್ ಬೆಳಕು ಬಿಡಿ. ಎದುರಿನಿಂದ ಬೇಡ. ಪಕ್ಕದಿಂದ ಓರೆಯಾಗಿ ಬಿದ್ದ ಬೆಳಕಿನಲ್ಲಿ ಚರ್ಮದ ಮೇಲಿನ ಉಬ್ಬು, ಲೋಳೆಯ ಪೊರೆ, ಎದ್ದ ಹುರುಪೆ ಎಲ್ಲ ನೆರಳು ಸಮೇತ ಕಾಣುತ್ತವೆ. ಹಗಲು ಬೆಳಕಿನಲ್ಲಿ ಕಾಣದ್ದು ಆಗ ಕಾಣುತ್ತದೆ. ಬಳಿಕ ಮೇಲಿನಿಂದ ಒಮ್ಮೆ ನೋಡಿ. ಹೊಟ್ಟೆ ಊದಿದೆಯೇ, ಹುರುಪೆ ನೆಟ್ಟಗೆ ನಿಂತಿವೆಯೇ ಎಂಬುದು ಮೇಲಿನಿಂದಲೇ ಚೆನ್ನಾಗಿ ಗೊತ್ತಾಗುವುದು.

ನಡವಳಿಕೆಯನ್ನೂ ಗಮನಿಸಿ. ಕಲ್ಲಿಗೋ ಗಾಜಿಗೋ ಮೈ ಉಜ್ಜಿಕೊಂಡು ಥಟ್ಟನೆ ತಿರುಗುತ್ತಿದೆಯೇ? ಹಾಗಿದ್ದರೆ ತುರಿಕೆ, ಪರಾವಲಂಬಿ ಇರಬಹುದು, ನೀರು ಕೆಟ್ಟಿರಲೂಬಹುದು. ರೆಕ್ಕೆಗಳನ್ನು ಮಡಚಿ ಮೈಗೆ ಅಂಟಿಸಿಕೊಂಡಿದೆಯೇ? ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದೆಯೇ? ಊಟ ಬಿಟ್ಟಿದೆಯೇ? ಊಟ ಮಾಡುತ್ತಾ ಲವಲವಿಕೆಯಿಂದಿರುವ ಮೀನಿಗೆ ಇವತ್ತೇ ಔಷಧಿ ಹಾಕಬೇಕಾದ ತುರ್ತು ಬಹುಪಾಲು ಇರುವುದಿಲ್ಲ.

ಇಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಪ್ರಶ್ನೆ ಒಂದೇ. ಎಲ್ಲ ಮೀನುಗಳಿಗೂ ಒಂದೇ ದಿನ ಶುರುವಾಯಿತೇ, ಅಥವಾ ಒಂದಕ್ಕೆ ಬಂದು ನಿಧಾನವಾಗಿ ಇನ್ನೊಂದಕ್ಕೆ ಹರಡಿತೇ? ಒಟ್ಟಿಗೆ ಶುರುವಾದರೆ ನೀರಿನ ಮೇಲೆ ಅನುಮಾನ ಪಡಿ. ನೀರು ಬದಲಿಸಿದ ಕೆಲವೇ ಗಂಟೆಯಲ್ಲಿ ಎಲ್ಲವೂ ಒದ್ದಾಡಿ, ಮೈಮೇಲೆ ಮಂಜು ಕವಿದಂಥ ಲೋಳೆ ಕಂಡರೆ ಅದು ಕ್ಲೋರಿನ್ ಅಥವಾ ಪಿಎಚ್ ಏರುಪೇರು. ಒಂದೊಂದಾಗಿ ಹರಡಿದರೆ ಸೋಂಕು ಅಥವಾ ಪರಾವಲಂಬಿ. ಒಂದಕ್ಕೆ ಬಂದು ಅಲ್ಲೇ ನಿಂತರೆ ಪೆಟ್ಟು ಬಿದ್ದಿರಬಹುದು.

ಹಂತ 2: ನೀರಿನ ಪರೀಕ್ಷೆ

ಅಮೋನಿಯಾ 0 ಇರಬೇಕು. ನೈಟ್ರೈಟ್ 0 ಇರಬೇಕು. ನೈಟ್ರೇಟ್ 40 ಪಿಪಿಎಂ (ಲೀಟರಿಗೆ 40 ಮಿಲಿಗ್ರಾಂ) ದಾಟಬಾರದು, 20ರ ಒಳಗಿದ್ದರೆ ಒಳ್ಳೆಯದು. "ಅಮೋನಿಯಾ ಟೆಸ್ಟಿನಲ್ಲಿ ಸ್ವಲ್ಪ ಹಸಿರು ಬಂತು, ಪರವಾಗಿಲ್ಲ ಅಲ್ವಾ?" ಎಂದರೆ ಪರವಾಗಿದೆ. ಆ ಸ್ವಲ್ಪವೇ ಚರ್ಮ ಸುಡುತ್ತದೆ.

ಅಮೋನಿಯಾ ಎಷ್ಟು ವಿಷ ಎಂಬುದು ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲು ಕೂಡ ವಿಷದ ರೂಪದಲ್ಲಿ ಇರುವುದಿಲ್ಲ. ಅದೇ ಪಿಎಚ್ 8 ಆದರೆ ನೂರಕ್ಕೆ 5 ಪಾಲು. ಬೋರ್‌ವೆಲ್ ನೀರು ಅನೇಕ ಕಡೆ ಗಡಸು, ಪಿಎಚ್ ಕೂಡ ಜಾಸ್ತಿ. ಹಾಗಾಗಿ ಮೆದು ನೀರಿನಲ್ಲಿ ಮೀನು ತಡೆದುಕೊಳ್ಳುವ ಅಮೋನಿಯಾ ಬೋರ್ ನೀರಿನ ಟ್ಯಾಂಕಿನಲ್ಲಿ ಬಾಲ ಕೆಂಪಗೆ ಮಾಡಿಬಿಡುತ್ತದೆ.

ಅಮೋನಿಯಾ ಅಥವಾ ನೈಟ್ರೈಟ್ ಕಂಡರೆ ಬೇರೆ ಏನೂ ಮಾಡುವ ಮೊದಲು ಮೂರನೇ ಒಂದು ಭಾಗದಿಂದ ಅರ್ಧದಷ್ಟು ನೀರು ಬದಲಿಸಿ. ಕಾವೇರಿ ನೀರಾದರೆ ಕ್ಲೋರಿನ್ ತೆಗೆದೇ ಹಾಕಿ. ತುರ್ತಿಲ್ಲದಿದ್ದರೆ ಅಗಲದ ಬಕೆಟ್‌ನಲ್ಲಿ 24 ಗಂಟೆ ಬಿಟ್ಟರೂ ಆಗುತ್ತದೆ. ಬೋರ್ ನೀರಿಗೂ ಏರ್ ಪಂಪ್ ಹಾಕಿ ಕೆಲವು ಗಂಟೆ ಬಿಡಿ. ನೆಲದಡಿಯಿಂದ ನೇರ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಗಾಳಿಯಾಡಿದ ಮೇಲೆ ಅದರ ಪಿಎಚ್ ಕೂಡ ಬದಲಾಗುತ್ತದೆ. ಬರೀ ಆರ್‌ಒ ನೀರು ತುಂಬಬೇಡಿ, ಅದರಲ್ಲಿ ಮೀನಿಗೆ ಬೇಕಾದ ಖನಿಜಗಳೇ ಉಳಿದಿರುವುದಿಲ್ಲ. ಹೊಸ ನೀರು ಹಳೆ ನೀರಿನ ಬಿಸಿಗೆ ಹತ್ತಿರ ಇರಲಿ. ಫಿಲ್ಟರ್ ಸ್ಪಾಂಜನ್ನು ನಲ್ಲಿಯಡಿ ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ಹಂತ 3: ರೋಗವಲ್ಲದ್ದನ್ನು ಮೊದಲು ಬದಿಗಿಡಿ

ನಾನು ಮೋಸಹೋದ ಚುಕ್ಕೆಗಳ ಗುರುತು ಹೀಗಿದೆ. ಅವು ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ರೆಕ್ಕೆಗಳ ಮುಂದಿನ ದಪ್ಪ ಕಡ್ಡಿಯ ಮೇಲೆ ಸಾಲಾಗಿ ಇರುತ್ತವೆ. ಬಾಲದ ಮೇಲೆ, ಬೆನ್ನ ಮೇಲೆ ಚೆಲ್ಲಾಪಿಲ್ಲಿಯಾಗಿ ಇರುವುದಿಲ್ಲ. ಮೀನು ಚುರುಕಾಗಿರುತ್ತದೆ, ಹೆಣ್ಣಿನ ಹಿಂದೆ ಸುತ್ತುತ್ತಿರುತ್ತದೆ. ವಾರಗಟ್ಟಲೆ ಇದ್ದು ತಾವಾಗಿ ಮರೆಯಾಗುತ್ತವೆ.

ಬಣ್ಣ ಬದಲಾಗುವುದೂ ರೋಗವಲ್ಲ. ಗೋಲ್ಡ್ ಫಿಶ್ ಮರಿಯಾಗಿದ್ದಾಗ ಕಂದು ಹಸಿರು ಬಣ್ಣದಲ್ಲಿರುತ್ತದೆ, ಕೆಲವು ತಿಂಗಳಾದ ಮೇಲೆ ಕೇಸರಿಗೆ ತಿರುಗುತ್ತದೆ. ಕೆಲವು ಕೇಸರಿಯಿಂದ ಬಿಳಿಗೂ ಹೋಗುತ್ತವೆ. ಕಪ್ಪು ಮೂರ್ ಎಂಬ ಗೋಲ್ಡ್ ಫಿಶ್ ತಳಿಯ ಮೀನು ವರ್ಷ ಕಳೆದಂತೆ ಹೊಟ್ಟೆ ಕಡೆಯಿಂದ ಕಂಚಿನ ಬಣ್ಣಕ್ಕೆ ಬಂದರೆ ಅಂಗಡಿಯವರನ್ನು ಬೈಯಬೇಡಿ, ಅದರ ಗುಣವೇ ಅದು.

ಕೇಸರಿ ಮೀನಿನ ಮೈಮೇಲೆ ಇದ್ದಕ್ಕಿದ್ದಂತೆ ಮಸಿ ಹಚ್ಚಿದಂಥ ಕಪ್ಪು ಕಾಣಿಸಿದರೆ ಕಳೆದ ಎರಡು ವಾರ ನೆನಪು ಮಾಡಿಕೊಳ್ಳಿ. ಅಮೋನಿಯಾದಿಂದ ಸುಟ್ಟ ಚರ್ಮ ಮಾಯುವಾಗ ಹೀಗೆ ಕಪ್ಪಾಗುತ್ತದೆ. ಅದು ವಾಸಿಯಾಗುತ್ತಿರುವ ಲಕ್ಷಣ. ಅದಕ್ಕೆ ಔಷಧಿ ಬೇಡ, ನೀರು ಸರಿಯಿದೆಯೇ ಎಂದು ನೋಡಿ ಸಾಕು.

ಹರಿದ ಬಾಲ ಬೆಳೆಯುವಾಗ ಅಂಚಿನಲ್ಲಿ ಗಾಜಿನಂಥ ಬಣ್ಣವಿಲ್ಲದ ಪೊರೆ ಬರುತ್ತದೆ. ಅದನ್ನು ನೋಡಿ ಮತ್ತೆ ಕೊಳೆಯುತ್ತಿದೆ ಎಂದುಕೊಂಡು ಚಿಕಿತ್ಸೆ ಮತ್ತೆ ಶುರು ಮಾಡುವವರು ತುಂಬಾ ಜನ. ಒರಾಂಡಾ ತಲೆಯ ಮೇಲಿನ ಗುಪ್ಪೆ ಬೆಳೆಯುವಾಗ ಅಲ್ಲಲ್ಲಿ ಬೆಳ್ಳಗೆ ಕಾಣುವುದೂ ಹೀಗೆಯೇ.

ಹಂತ 4: ಉಪ್ಪು ಹಾಕುವ ಕ್ರಮ

ಗೋಲ್ಡ್ ಫಿಶ್ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ. ಅನೇಕ ಪರಾವಲಂಬಿಗಳು ತಡೆಯುವುದಿಲ್ಲ. ಆದ್ದರಿಂದ ಮೊದಲ ಮದ್ದು ಉಪ್ಪು. ಕಲ್ಲುಪ್ಪು ಒಳ್ಳೆಯದು; ಗಂಟು ಕಟ್ಟದಿರಲಿ ಎಂದು ಪುಡಿ ಬೆರೆಸಿದ ಟೇಬಲ್ ಸಾಲ್ಟ್ ಬೇಡ.

ಎರಡು ಅಳತೆ ನೆನಪಿಡಿ. ಸಣ್ಣಪುಟ್ಟ ಗಾಯಕ್ಕೆ, ನೈಟ್ರೈಟ್ ಏರಿದಾಗ ಲೀಟರಿಗೆ 1 ಗ್ರಾಂ. ಪರಾವಲಂಬಿಗಳಿಗೆ ಲೀಟರಿಗೆ 3 ಗ್ರಾಂ. ನಮ್ಮ 45 ಲೀಟರ್ ಟ್ಯಾಂಕಿಗೆ 3 ಗ್ರಾಂ ಲೆಕ್ಕದಲ್ಲಿ 135 ಗ್ರಾಂ ಬೇಕು. ಅದನ್ನು ಒಮ್ಮೆಗೇ ಸುರಿಯಬೇಡಿ:

1. ಬೆಳಿಗ್ಗೆ 45 ಗ್ರಾಂ ತೂಗಿ, ಟ್ಯಾಂಕಿನದೇ ಒಂದು ಚೊಂಬು ನೀರಿನಲ್ಲಿ ಪೂರ್ತಿ ಕರಗಿಸಿ, ಫಿಲ್ಟರ್ ನೀರು ಬೀಳುವ ಕಡೆ ನಿಧಾನವಾಗಿ ಹಾಕಿ.
2. 12 ಗಂಟೆ ಬಿಟ್ಟು ಇನ್ನೊಂದು 45 ಗ್ರಾಂ.
3. ಮತ್ತೆ 12 ಗಂಟೆ ಬಿಟ್ಟು ಕೊನೆಯ 45 ಗ್ರಾಂ.

ಮಧ್ಯೆ ಮೀನು ಓಲಾಡಿದರೆ ಅಥವಾ ಮಗ್ಗುಲಾದರೆ ಅಲ್ಲಿಗೇ ನಿಲ್ಲಿಸಿ, ಸ್ವಲ್ಪ ನೀರು ಬದಲಿಸಿ.

ಉಪ್ಪು ಆವಿಯಾಗುವುದಿಲ್ಲ. ಆವಿಯಾದ ನೀರಿಗೆ ಬದಲು ಸಾದಾ ನೀರು ತುಂಬಿ. ಆದರೆ ಚಿಕಿತ್ಸೆ ನಡೆಯುವಾಗ 15 ಲೀಟರ್ ತೆಗೆದು ಹೊಸದು ಹಾಕಿದರೆ ಆ 15 ಲೀಟರಿಗೆ 45 ಗ್ರಾಂ ಮತ್ತೆ ಸೇರಿಸಬೇಕು. ಗಿಡ, ಬಸವನಹುಳು ಇದ್ದರೆ ಮೊದಲೇ ಬೇರೆ ಕಡೆ ಇಡಿ. ಫಿಲ್ಟರ್‌ನಲ್ಲಿ ಜಿಯೋಲೈಟ್ ಕಲ್ಲು ಇದ್ದರೆ ತೆಗೆದುಬಿಡಿ. ಅದು ಹೀರಿಟ್ಟುಕೊಂಡ ಅಮೋನಿಯಾವನ್ನು ಉಪ್ಪು ನೀರಿನಲ್ಲಿ ವಾಪಸ್ ಬಿಡುತ್ತದೆ. ಚಿಕಿತ್ಸೆ ಮುಗಿದ ಮೇಲೆ ಎರಡು ಮೂರು ಸಲ ನೀರು ಬದಲಿಸಿ ಉಪ್ಪು ಇಳಿಸಿ. ವರ್ಷವಿಡೀ ಉಪ್ಪು ಹಾಕಿಡುವ ಅಭ್ಯಾಸ ನನಗೆ ಹಿಡಿಸದು.

ಹಂತ 5: ಒಂದೊಂದನ್ನೇ ಗುರುತಿಸಿ

*ವೈಟ್ ಸ್ಪಾಟ್.* ಅಂಗಡಿಗಳಲ್ಲಿ 'ಇಚ್' ಎಂದೂ ಹೇಳುತ್ತಾರೆ. ಮೈ, ಬಾಲ, ರೆಕ್ಕೆ ಎಲ್ಲೆಂದರಲ್ಲಿ ರವೆ ಕಾಳಿನಷ್ಟು ಬಿಳಿ ಚುಕ್ಕೆಗಳು. ಇವತ್ತು 3 ಇದ್ದದ್ದು ನಾಳೆ 20 ಆಗುತ್ತದೆ. ಮೀನು ಮೈ ಉಜ್ಜಿಕೊಳ್ಳುತ್ತದೆ. ಹೊಸ ಮೀನು ತಂದ ಒಂದೆರಡು ವಾರದಲ್ಲಿ, ಅಥವಾ ಮಳೆ, ಚಳಿಗೆ ನೀರು ಥಟ್ಟನೆ ತಣ್ಣಗಾದಾಗ ಬರುವುದು ಜಾಸ್ತಿ.

ಈ ಪರಾವಲಂಬಿಯ ಬದುಕು ಅರ್ಥವಾದರೆ ಚಿಕಿತ್ಸೆ ಯಾಕೆ ಅಷ್ಟು ದಿನ ಎಂಬುದು ತಾನಾಗಿ ಅರ್ಥವಾಗುತ್ತದೆ. ನಿಮಗೆ ಕಾಣುವ ಚುಕ್ಕೆ ಎಂದರೆ ಚರ್ಮದ ಪದರದ ಒಳಗೆ ಕುಳಿತು ತಿನ್ನುತ್ತಿರುವ ಜೀವಿ. ಅಲ್ಲಿಗೆ ಯಾವ ಔಷಧಿಯೂ ಮುಟ್ಟುವುದಿಲ್ಲ. ತಿಂದು ಬಲಿತ ಮೇಲೆ ಅದು ಮೀನಿನಿಂದ ಕಳಚಿ ತಳಕ್ಕೆ ಬೀಳುತ್ತದೆ, ಸುತ್ತ ಕೋಶ ಕಟ್ಟಿಕೊಂಡು ಒಳಗೆ ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಹೊರಬಂದು ಈಜುತ್ತಾ ಮೀನನ್ನು ಹುಡುಕುತ್ತವೆ. ಎರಡು ಮೂರು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ಉಪ್ಪಾಗಲಿ ಔಷಧಿಯಾಗಲಿ ಕೊಲ್ಲುವುದು ಈ ಈಜುವ ಮರಿಗಳನ್ನು ಮಾತ್ರ.

ಹಾಗಾಗಿ 2ನೇ ದಿನ ಚುಕ್ಕೆ ಉದುರಿ ಮೈ ಸ್ವಚ್ಛವಾಗಿ ಕಂಡರೆ ಖುಷಿಪಟ್ಟು ನಿಲ್ಲಿಸಬೇಡಿ. ಅವೆಲ್ಲ ತಳದಲ್ಲಿ ಕೂತು ಮರಿ ಮಾಡುತ್ತಿವೆ. 25 ಡಿಗ್ರಿಯಲ್ಲಿ ಈ ಸುತ್ತು ಮುಗಿಯಲು ಒಂದು ವಾರದೊಳಗೆ ಸಾಕು. ಬೆಂಗಳೂರಿನ ಡಿಸೆಂಬರ್‌ನಲ್ಲಿ ನೀರು 20ಕ್ಕೆ ಇಳಿದಿದ್ದರೆ ಇನ್ನೂ ಜಾಸ್ತಿ ದಿನ ಬೇಕು. ಲೀಟರಿಗೆ 3 ಗ್ರಾಂ ಉಪ್ಪು ಹಾಕಿ, ಕಡಿಮೆಯೆಂದರೆ 10–14 ದಿನ ಬಿಡಿ. ಕೊನೆಯ ಚುಕ್ಕೆ ಹೋದ ಮೇಲೂ 5 ದಿನ ಮುಂದುವರಿಸಿ. ಹೀಟರ್ ಇದ್ದರೆ ದಿನಕ್ಕೆ ಒಂದೆರಡು ಡಿಗ್ರಿಯಂತೆ 26–27ಕ್ಕೆ ಏರಿಸಿ, ಸುತ್ತು ಬೇಗ ಮುಗಿಯುತ್ತದೆ. ಮಂಗಳೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ನೀರು ಆಗಲೇ 29–30 ಇರುತ್ತದೆ, ಅಲ್ಲಿ ಹೀಟರ್ ಮಾತೇ ಬೇಡ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಏರ್ ಪಂಪ್ ಹಗಲೂ ರಾತ್ರಿ ಓಡಲಿ. ದಿನಾ ಸೈಫನ್ ಪೈಪಿನಿಂದ ತಳ ಎಳೆಯಿರಿ. ತಳದಲ್ಲಿ ಬಿದ್ದ ಎಷ್ಟೋ ಕೋಶಗಳು ಅಲ್ಲೇ ಹೊರಹೋಗುತ್ತವೆ.

ಈ ಚಿಕಿತ್ಸೆಯನ್ನು ಮೀನಿರುವ ಟ್ಯಾಂಕಿನಲ್ಲೇ ಮಾಡಬೇಕು. ಒಂದೇ ಮೀನನ್ನು ಟಬ್ಬಿಗೆ ಹಾಕಿ ಚಿಕಿತ್ಸೆ ಮಾಡಿದರೆ ಟ್ಯಾಂಕಿನ ತಳದಲ್ಲಿರುವುದು ಉಳಿದ ಮೀನುಗಳಿಗೆ ಹತ್ತುತ್ತದೆ.

*ಹತ್ತಿಯಂಥ ಬೂಷ್ಟು.* ಗಾಯವಾದ ಜಾಗದಲ್ಲಿ ಎಳೆ ಎಳೆಯಾಗಿ ಹತ್ತಿ ಅಂಟಿದ ಹಾಗೆ ಇದ್ದರೆ ಫಂಗಸ್. ಅದು ಸತ್ತ ಚರ್ಮದ ಮೇಲೆ ಬರುವಂಥದ್ದು. ಒಳಗೆ ಇನ್ನೇನೋ ಗಾಯವಿದೆ ಎಂದೇ ಅರ್ಥ. ಮೀನನ್ನು ಟಬ್ಬಿಗೆ ಹಾಕಿ, ಮೆಥಿಲೀನ್ ಬ್ಲೂ ಎಂಬ ನೀಲಿ ಔಷಧಿಯನ್ನು ಅಲ್ಲಿ ಬಳಸಿ. ಬಾಟಲಿಯ ಮೇಲಿನ ಅಳತೆಯಷ್ಟೇ ಹಾಕಿ. ಟ್ಯಾಂಕಿಗೆ ಹಾಕಿದರೆ ಏನಾಗುತ್ತದೆ ಎಂದು ಮೊದಲೇ ಹೇಳಿದೆನಲ್ಲ.

*ಹತ್ತಿಯಂತೆ ಕಾಣುವ, ಆದರೆ ಹತ್ತಿಯಲ್ಲದ್ದು.* ಬಾಯಿಯ ಸುತ್ತ ಬೂದುಬಿಳಿ ಪಟ್ಟಿ, ಬೆನ್ನ ಮೇಲೆ ಕುದುರೆಯ ಜೀನು ಹಾಕಿದಂಥ ಮಬ್ಬು ಕಲೆ, ಅಂಚು ಹಳದಿ ಅಥವಾ ಕೆಂಪು. ಎಳೆಗಳು ಎದ್ದು ನಿಂತಿರುವುದಿಲ್ಲ, ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಇದು ಕಾಲಮ್ನಾರಿಸ್, ಬ್ಯಾಕ್ಟೀರಿಯಾ ರೋಗ. ಬೂಷ್ಟು ದಿನಗಟ್ಟಲೆ ತೆಗೆದುಕೊಂಡರೆ ಇದು ಒಂದೆರಡು ದಿನದಲ್ಲೇ ಮೀನನ್ನು ಕೊಲ್ಲಬಹುದು. ಇಲ್ಲಿ ಜನ ಮಾಡುವ ದೊಡ್ಡ ತಪ್ಪು ವೈಟ್ ಸ್ಪಾಟ್ ಇರಬೇಕೆಂದು ಹೀಟರ್ ಏರಿಸುವುದು. ಈ ಬ್ಯಾಕ್ಟೀರಿಯಾಕ್ಕೆ ಬಿಸಿ ನೀರೆಂದರೆ ಹಬ್ಬ. ನೀರನ್ನು ನಿಧಾನವಾಗಿ ತಣ್ಣಗೆ ಮಾಡಿ, ಗಾಳಿ ಜಾಸ್ತಿ ಮಾಡಿ, ಮೀನನ್ನು ಬೇರೆಯಿಡಿ, ಅದೇ ದಿನ ಪಶುವೈದ್ಯರಿಗೆ ತೋರಿಸಿ.

*ಬಾಲ, ರೆಕ್ಕೆ ಕೊಳೆಯುವುದು.* ಅಂಚು ಬೆಳ್ಳಗಾಗಿ, ಜಾಲರಿಯ ಹಾಗೆ ಹರಿದು, ದಿನದಿನಕ್ಕೆ ಗಿಡ್ಡವಾಗುತ್ತದೆ. ನೆಟ್ಟಗೆ ಒಂದೇ ಸೀಳಿದ್ದರೆ ಅದು ಅಲಂಕಾರದ ಕಲ್ಲಿಗೆ ಸಿಕ್ಕಿ ಹರಿದದ್ದು. ಕೊಳೆತ ಅಂಚಿಗೆ ಒಂದು ವಾರ ದಿನಕ್ಕೆ ಮೂರನೇ ಒಂದು ಭಾಗ ನೀರು ಬದಲಿಸಿ, ಲೀಟರಿಗೆ 1 ಗ್ರಾಂ ಉಪ್ಪು ಹಾಕಿ. ನನ್ನ ಅನುಭವದಲ್ಲಿ ಬಹುಪಾಲು ಅಷ್ಟರಲ್ಲೇ ನಿಲ್ಲುತ್ತದೆ. ಕೆಂಪು ಬಣ್ಣ ಬಾಲದ ಬುಡ ಮುಟ್ಟಿ ಮೈಗೆ ಹತ್ತುತ್ತಿದ್ದರೆ ಉಪ್ಪನ್ನು ನಂಬಿ ಕೂರಬೇಡಿ.

*ಆಂಕರ್ ವರ್ಮ್.* ಹೆಸರಿಗೆ ಹುಳು, ನಿಜಕ್ಕೂ ಸೀಗಡಿಯ ಬಳಗದ ಜೀವಿ. ಮೈಯಿಂದ ಒಂದು ಸಣ್ಣ ಹಸಿರು ಬಿಳಿ ದಾರ ಹೊರಗೆ ನೇತಾಡುತ್ತಿರುತ್ತದೆ, ಅದರ ಬುಡ ಕೆಂಪಗೆ ಊದಿರುತ್ತದೆ. ದಾರದ ತುದಿ ಕವಲೊಡೆದು ವೈ ಅಕ್ಷರದಂತಿದ್ದರೆ ಅವು ಮೊಟ್ಟೆಯ ಚೀಲಗಳು. ಕೊಳದಲ್ಲಿ ಬೆಳೆದ ಮೀನುಗಳ ಜೊತೆ ಬರುತ್ತದೆ.

ಇದನ್ನು ಕೈಯಾರೆ ಕೀಳಬೇಕು. ಇಬ್ಬರಿದ್ದರೆ ಸುಲಭ. ಟ್ಯಾಂಕಿನ ನೀರಿನಲ್ಲಿ ಒಂದು ಮೆತ್ತನೆ ಬಟ್ಟೆ ನೆನೆಸಿ. ಮೀನನ್ನು ಬಲೆಯಲ್ಲಿ ಎತ್ತುವ ಬದಲು ಟಬ್ಬಿನಿಂದ ಒದ್ದೆ ಕೈಯಲ್ಲಿ ಎತ್ತಿ ಆ ಬಟ್ಟೆಯ ಮೇಲೆ ಮಲಗಿಸಿ. ಬಟ್ಟೆಯ ಅಂಚನ್ನು ಕಣ್ಣಿನ ಮೇಲೆ ಎಳೆದರೆ ಮೀನು ಸುಮ್ಮನಾಗುತ್ತದೆ. ಚಿಮಟದಿಂದ ದಾರವನ್ನು ಚರ್ಮಕ್ಕೆ ತಾಗಿದ ಬುಡದಲ್ಲೇ ಹಿಡಿಯಿರಿ, ಹುರುಪೆ ವಾಲಿರುವ ದಿಕ್ಕಿಗೆ, ಅಂದರೆ ಬಾಲದ ಕಡೆಗೆ, ನಿಧಾನವಾಗಿ ಎಳೆಯಿರಿ. ಜರ್ರನೆ ಎಳೆದರೆ ತಲೆ ಒಳಗೇ ತುಂಡಾಗುತ್ತದೆ. ಹೊರಬಂದ ಗಾಯಕ್ಕೆ ಮೆಡಿಕಲ್ ಸ್ಟೋರಿನ ಪೊವಿಡೋನ್ ಅಯೋಡಿನ್ ಅನ್ನು ಕಿವಿಕಡ್ಡಿಯಲ್ಲಿ ಅದ್ದಿ ಮುಟ್ಟಿಸಿ. ಕಿವಿರಿಗೆ, ಕಣ್ಣಿಗೆ ತಾಗಬಾರದು. ಇಷ್ಟೆಲ್ಲ ಅರ್ಧ ನಿಮಿಷದಲ್ಲಿ ಮುಗಿಸಿ ನೀರಿಗೆ ಬಿಡಿ. 3 ಹುಳು ಇದ್ದರೆ 3 ಸಲ ಎತ್ತಿ, ನಡುವೆ ಉಸಿರಾಡಲು ಬಿಡಿ.

ಕಿತ್ತರೆ ಕಥೆ ಮುಗಿಯಲಿಲ್ಲ. ಮರಿಗಳು ನೀರಿನಲ್ಲಿ ಇರುತ್ತವೆ, ಬರಿಗಣ್ಣಿಗೆ ಕಾಣವು. ಅವು ಪೊರೆ ಕಳಚದಂತೆ ತಡೆಯುವ ಡೈಫ್ಲುಬೆಂಜುರಾನ್ ಎಂಬ ಔಷಧಿ ಇದೆ, ಗೊತ್ತಿರುವವರ ಸಲಹೆಯ ಮೇಲೆ ಬಳಸಿ. ಅದು ಟ್ಯಾಂಕಿನ ಸೀಗಡಿಗಳನ್ನೂ ಬಿಡುವುದಿಲ್ಲ. ಮುಂದಿನ 4 ವಾರ ವಾರಕ್ಕೆರಡು ಸಲ ಟಾರ್ಚ್ ಹಿಡಿದು ಹುಡುಕಿ.

*ಮೀನಿನ ಹೇನು.* ಚಪ್ಪಟೆಯಾಗಿ, ಗುಂಡಗೆ, ಗಾಜಿನಂತೆ ಪಾರದರ್ಶಕವಾಗಿ, ಅರ್ಧ ಸೆಂಟಿಮೀಟರ್‌ನಷ್ಟು. ಹುರುಪೆಯ ಮೇಲೆ ಓಡಾಡುವುದು ಕಂಡರೆ ಅದೇ. ಚಿಮಟದಿಂದ ಸುಲಭವಾಗಿ ಬರುತ್ತದೆ. ಮುಂದಿನ ಕ್ರಮ ಆಂಕರ್ ವರ್ಮ್‌ನಂತೆಯೇ.

*ಮಂಜು ಕವಿದ ಮೈ.* ಚುಕ್ಕೆ ಇಲ್ಲ, ಗಾಯ ಇಲ್ಲ, ಆದರೆ ಮೈಮೇಲೆ ಬೂದುಬಣ್ಣದ ಲೋಳೆ, ಮೈ ಉಜ್ಜಾಟ, ಮಡಚಿದ ರೆಕ್ಕೆ. ನೀರು ಸರಿಯಿದ್ದೂ ಹೀಗಿದ್ದರೆ ಕಣ್ಣಿಗೆ ಕಾಣದ ಪರಾವಲಂಬಿ. ಇಲ್ಲಿ ಎರಡು ಗುಂಪು. ಏಕಕೋಶದವು ಬಹುಪಾಲು ಲೀಟರಿಗೆ 3 ಗ್ರಾಂ ಉಪ್ಪಿಗೆ ಬಗ್ಗುತ್ತವೆ. ಚರ್ಮ, ಕಿವಿರಿಗೆ ಕೊಕ್ಕೆ ಹಾಕಿ ಹಿಡಿಯುವ ಫ್ಲೂಕ್ ಹುಳುಗಳು ಅಷ್ಟು ಸುಲಭವಾಗಿ ಬಗ್ಗವು, ಅವಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಹುಳುವಿನ ಔಷಧಿ ಬೇಕು. ಅವುಗಳಲ್ಲಿ ಮೊಟ್ಟೆಯಿಡುವ ಜಾತಿಯವೂ ಇವೆ, ಔಷಧಿ ಮೊಟ್ಟೆಯನ್ನು ಕೊಲ್ಲುವುದಿಲ್ಲ, ಆದ್ದರಿಂದ ಎರಡನೇ ಸುತ್ತು ತಪ್ಪಿಸಬೇಡಿ. ಯಾವುದೆಂದು ಖಚಿತವಾಗಿ ಹೇಳುವುದು ಸೂಕ್ಷ್ಮದರ್ಶಕ ಮಾತ್ರ. ಸ್ವಲ್ಪ ಲೋಳೆಯನ್ನು ಗಾಜಿನ ಪಟ್ಟಿಯ ಮೇಲೆ ತೆಗೆದು ನೋಡಿದರೆ 5 ನಿಮಿಷದ ಕೆಲಸ.

*ಹುಣ್ಣು.* ಹುರುಪೆ ಉದುರಿ, ಸುತ್ತ ಬಿಳಿ ಅಂಚು, ನಡುವೆ ಕೆಂಪು ಮಾಂಸ. ಇದಕ್ಕೆ ಏರೋಮೊನಾಸ್ ಬ್ಯಾಕ್ಟೀರಿಯಾ ಸಾಮಾನ್ಯ ಕಾರಣ. ಮೀನನ್ನು ಟಬ್ಬಿಗೆ ಹಾಕಿ, ನಿಧಾನವಾಗಿ ಲೀಟರಿಗೆ 3 ಗ್ರಾಂ ಉಪ್ಪಿಗೆ ತನ್ನಿ. ತೆರೆದ ಗಾಯದಿಂದ ನೀರು ಮೈಯೊಳಗೆ ನುಗ್ಗುವುದನ್ನು ಉಪ್ಪು ಕಡಿಮೆ ಮಾಡುತ್ತದೆ. ದಿನಕ್ಕೊಮ್ಮೆ ಪೊವಿಡೋನ್ ಅಯೋಡಿನ್ ಮುಟ್ಟಿಸಬಹುದು. ಹುಣ್ಣು ಆಳವಾಗಿದ್ದರೆ ಆಹಾರದಲ್ಲೋ ಇಂಜೆಕ್ಷನ್‌ನಲ್ಲೋ ಆಂಟಿಬಯಾಟಿಕ್ ಬೇಕು, ಅದು ವೈದ್ಯರ ಕೆಲಸ.

*ನಿಂತ ಹುರುಪೆ.* ಮೇಲಿನಿಂದ ನೋಡಿದರೆ ಹುರುಪೆಗಳೆಲ್ಲ ಮೈಯಿಂದ ಎದ್ದು ಮುಳ್ಳುಹಂದಿಯಂತೆ ಕಾಣುತ್ತವೆ. ಇದು ಚರ್ಮದ ರೋಗವಲ್ಲ, ಕಿಡ್ನಿ ಕೈಕೊಟ್ಟು ಮೈಯಲ್ಲಿ ನೀರು ತುಂಬಿರುವುದು. ಈ ಹಂತಕ್ಕೆ ಬಂದ ಮೀನು ಉಳಿಯುವುದು ಕಡಿಮೆ. ಸುಳ್ಳು ಭರವಸೆ ಕೊಡಲಾರೆ.

ಮೇಣದ ಹನಿ ಬಿದ್ದಂಥ ನುಣುಪು ಗಂಟು ಚಳಿಗಾಲದಲ್ಲಿ ಬಂದು ನೀರು ಬೆಚ್ಚಗಾದಾಗ ಕರಗಿದರೆ ಅದು ಕಾರ್ಪ್ ಪಾಕ್ಸ್ ಎಂಬ ವೈರಸ್ ಕಲೆ. ನೋಡಲು ಚೆನ್ನಾಗಿಲ್ಲ ಅಷ್ಟೇ, ಸಾಮಾನ್ಯವಾಗಿ ತೊಂದರೆ ಕೊಡದು.

ಔಷಧಿಯ ಬಗ್ಗೆ ಜಗಳಗಂಟಿಯ ಹಾಗೆ ಕೆಲವು ಮಾತು

ಎರಡು ಔಷಧಿ ಒಟ್ಟಿಗೆ ಬೇಡ. ಹಾಕುವ ಮೊದಲು ಫಿಲ್ಟರ್‌ನ ಇದ್ದಿಲು ತೆಗೆಯಿರಿ, ಇಲ್ಲವಾದರೆ ಔಷಧಿಯೆಲ್ಲ ಅದೇ ಕುಡಿಯುತ್ತದೆ. ಹಸಿರು ಬಣ್ಣದ ಔಷಧಿಗಳಲ್ಲಿ ಮ್ಯಾಲಕೈಟ್ ಗ್ರೀನ್ ಇರಬಹುದು. ಅದು ಮನುಷ್ಯರಿಗೂ ಒಳ್ಳೆಯದಲ್ಲ, ಕೈಗವಸು ಹಾಕದೆ ಮುಟ್ಟಬೇಡಿ.

ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಚ್ಚಿ ಟ್ಯಾಂಕಿಗೆ ಸುರಿಯುವವರನ್ನು ಕಂಡಿದ್ದೇನೆ. ಗಡಸು ನೀರಿನ ಕ್ಯಾಲ್ಸಿಯಂಗೆ ಅದು ಅಂಟಿಕೊಂಡು ಮೀನಿನ ಮೈಗೆ ಸೇರುವುದೇ ಕಡಿಮೆ. ಬೋರ್ ನೀರಿನಲ್ಲಿ ಅದು ದುಡ್ಡು ಚೆಲ್ಲಿದಂತೆ. ಜೊತೆಗೆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಸಿದಂತೆ.

ಅರಿಶಿನದ ವಿಷಯವನ್ನೂ ಎಲ್ಲರೂ ಕೇಳುತ್ತಾರೆ. ನಮ್ಮ ಗಾಯಕ್ಕೆ ಹಚ್ಚುತ್ತೇವೆ, ನಿಜ. ಆದರೆ ಅರಿಶಿನ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ತಳದಲ್ಲಿ ಕೂರುತ್ತದೆ, ಸ್ಪಾಂಜ್ ಮುಚ್ಚುತ್ತದೆ. ಅಜ್ಜಿಯ ಮದ್ದು ಅಜ್ಜಿಯ ಮೊಮ್ಮಕ್ಕಳಿಗೇ ಇರಲಿ.

ಮೀನು ನೋಡುವ ವೈದ್ಯರು ಸಿಗುವುದು ಕಷ್ಟ ಎನ್ನುವುದು ನಿಜ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಿಂದ ಇದೆ. ಅಲ್ಲಿ ಮೀನಿನ ಆರೋಗ್ಯವನ್ನೇ ಪಾಠವಾಗಿ ಕಲಿಸುತ್ತಾರೆ. ಮೀನು ವಿಜ್ಞಾನ ಓದಿದವರು ನಿಮ್ಮ ಜಿಲ್ಲೆಯ ಮೀನುಗಾರಿಕೆ ಇಲಾಖೆಯಲ್ಲೂ ಇರಬಹುದು, ಹೋಗಿ ಕೇಳಿ. ಹೋಗುವಾಗ ಮೂರು ವಿಷಯ ಒಯ್ಯಿರಿ: ಟೆಸ್ಟ್ ಕಿಟ್‌ನ ಅಂಕಿಗಳು, ಟ್ಯಾಂಕಿನ ಲೀಟರ್ ಲೆಕ್ಕ, ದಿನಕ್ಕೊಂದರಂತೆ ತೆಗೆದ ಫೋಟೋ.

ನಿಮ್ಮ ಕೈಯಲ್ಲಿ ಗಾಯವಿದ್ದರೆ ಟ್ಯಾಂಕಿಗೆ ಬರಿಗೈ ಹಾಕಬೇಡಿ. ಮೀನಿನ ಟಿಬಿ ಬ್ಯಾಕ್ಟೀರಿಯಾ ಗಾಯದ ಮೂಲಕ ನಮ್ಮ ಚರ್ಮಕ್ಕೂ ಬರುತ್ತದೆ. ಬೆರಳಿನ ಮೇಲೆ ವಾರಗಟ್ಟಲೆ ಮಾಯದ ಗಂಟು ಬಂದರೆ ಡಾಕ್ಟರಿಗೆ "ಮೀನು ಸಾಕಿದ್ದೇನೆ" ಎಂದು ಹೇಳಲು ಮರೆಯಬೇಡಿ. ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ.

ಚಿಕಿತ್ಸೆಯ ದಿನಗಳಲ್ಲಿ, ಆಮೇಲೆ

ಆಹಾರ ಅರ್ಧಕ್ಕೆ ಇಳಿಸಿ. ತಿನ್ನದೆ ಉಳಿದದ್ದನ್ನು 5 ನಿಮಿಷದಲ್ಲಿ ತೆಗೆಯಿರಿ. ಟಬ್ಬಿನಲ್ಲಿ ಫಿಲ್ಟರ್ ಇನ್ನೂ ಹದಕ್ಕೆ ಬಂದಿರುವುದಿಲ್ಲ, ಆದ್ದರಿಂದ ದಿನಾ ಅಮೋನಿಯಾ ನೋಡಿ, ದಿನಾ ನೀರು ಬದಲಿಸಿ. ಎಷ್ಟು ಉಪ್ಪು, ಯಾವ ಔಷಧಿ, ಎಷ್ಟು ಹೊತ್ತಿಗೆ ಎಂದು ಕ್ಯಾಲೆಂಡರ್ ಮೇಲೆ ಬರೆಯಿರಿ. ಮನೆಯಲ್ಲಿ ಇಬ್ಬರಿದ್ದರೆ ಇದು ಇನ್ನೂ ಮುಖ್ಯ. ನಮ್ಮನೆಯಲ್ಲಿ ಒಮ್ಮೆ ಬೆಳಿಗ್ಗೆ ನಾನೂ ಉಪ್ಪು ಹಾಕಿದೆ, ನನ್ನ ಹೆಂಡತಿಯೂ ಹಾಕಿದಳು.

ಬಲೆ, ಪೈಪು, ಟಬ್ಬು ಎಲ್ಲವನ್ನೂ ತೊಳೆದು ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿ. ವೈಟ್ ಸ್ಪಾಟ್‌ನ ಯಾವ ಹಂತವೂ ಒಣಗಿದರೆ ಬದುಕುವುದಿಲ್ಲ. ರೋಗದ ಟ್ಯಾಂಕಿಗೂ ಚೆನ್ನಾಗಿರುವ ಟ್ಯಾಂಕಿಗೂ ಒಂದೇ ಬಲೆ ಬೇಡ.

ಹೊಸ ಮೀನು ತಂದಾಗ ಅದೇ ಟಬ್ಬನ್ನು ಮತ್ತೆ ಹೊರಗೆ ತೆಗೆಯಿರಿ. ನಮ್ಮ ಅಂಗಡಿಗಳಿಗೆ ಬರುವ ಎಷ್ಟೋ ಗೋಲ್ಡ್ ಫಿಶ್ ಚೆನ್ನೈನ ಕೊಳತ್ತೂರಿನಂಥ ಸಗಟು ಮಾರುಕಟ್ಟೆಯಿಂದ ಹೊರಟು, ಚೀಲದಲ್ಲಿ ರಾತ್ರಿಯಿಡೀ ಬಸ್ಸಿನಲ್ಲಿ ಬಂದಿರುತ್ತವೆ. ದಣಿದ ಮೀನಿನ ಲೋಳೆ ತೆಳುವಾಗಿರುತ್ತದೆ, ಮೈಗೆ ರೋಗ ಬೇಗ ಹತ್ತುತ್ತದೆ. ಚೀಲದ ನೀರನ್ನು ಟ್ಯಾಂಕಿಗೆ ಸುರಿಯದೆ ಮೀನನ್ನು ಮಾತ್ರ ಟಬ್ಬಿಗೆ ಬಿಡಿ. 4 ವಾರ ಅಲ್ಲೇ ಇರಲಿ. ಮೊದಲ 2 ವಾರ ರಾತ್ರಿ ದೀಪ ಆರಿಸಿ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ಚುಕ್ಕೆ, ದಾರ, ಲೋಳೆ ಏನಾದರೂ ಇದ್ದರೆ ಬಹುಪಾಲು ಅಷ್ಟರಲ್ಲಿ ಕಾಣಿಸಿಕೊಳ್ಳುತ್ತದೆ. ಏನೂ ಕಾಣದೆ 28ನೇ ದಿನ ಮುಗಿದರೆ ದೊಡ್ಡ ಟ್ಯಾಂಕಿಗೆ ಬಿಡಿ.